ಓದುಗರ ಪ್ರಶ್ನೆ, ನಮ್ಮ ಉತ್ತರ: ಐರ್ಲೆಂಡಿನ ತುರುಗೋಳು

ಕಳೆದ ತಿಂಗಳು ಐರ್ಲೆಂಡಿನ ಹಳೆಯ ವೀರರ ಬಗ್ಗೆ ಇಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಓದೋಣ ಅಂತ ಹೊರಟೆ. ಹೆಸರುಗಳೇ ಬಾಯಿಗೆ ಬರುವುದಿಲ್ಲ, ಒಂದು ಕತೆಯೊಳಗೆ ಹತ್ತು ಕತೆ. ಎಲ್ಲಿಂದ ಶುರು ಮಾಡಲಿ? (ಓದುಗರು, ಮಲ್ಲೇಶ್ವರ)

ಹಸುವಿನಿಂದ ಶುರು ಮಾಡಿ. ಆ ಕತೆಗಳಲ್ಲೆಲ್ಲ ದೊಡ್ಡದು 'ತಾನ್ ಬೋ ಕೂಲ್ನ್ಯ'. ತಾನ್ ಅಂದರೆ ದನ ಹೊಡೆದುಕೊಂಡು ಹೋಗುವುದು, ಬೋ ಅಂದರೆ ಹಸು, ಕೂಲ್ನ್ಯ ಅನ್ನುವುದು ಒಂದು ಸೀಮೆ, ಈಗಿನ ಲೌತ್ ಜಿಲ್ಲೆಯ ಕೂಲಿ ಪ್ರದೇಶ. ಅವರ 'ಬೋ', ಸಂಸ್ಕೃತದ 'ಗೋ' ಎರಡೂ ಒಂದೇ ಬೇರಿನಿಂದ ಬಂದ ಮಾತುಗಳು. ಇನ್ನು ದನ ಹೊಡೆಯುವುದಕ್ಕೆ ನಮ್ಮ ಹಳಗನ್ನಡದಲ್ಲಿ ಹೇಳಿ ಮಾಡಿಸಿದ ಪದವೇ ಇದೆ, ತುರುಗೋಳ್. ತುರು ಅಂದರೆ ಹಸು. ಊರಾಚೆ ಮೇಯುತ್ತಿದ್ದ ದನಗಳನ್ನು ಪಕ್ಕದ ಸೀಮೆಯವರು ಅಟ್ಟಿಕೊಂಡು ಹೋಗುತ್ತಾರೆ, ಊರಿನ ಒಬ್ಬ ಹುಡುಗ ಅಡ್ಡ ನಿಂತು ದನ ಬಿಡಿಸಿ ತಾನು ಸಾಯುತ್ತಾನೆ, ಊರವರು ಅವನಿಗೊಂದು ಕಲ್ಲು ನಿಲ್ಲಿಸುತ್ತಾರೆ. ನಮ್ಮ ಎಷ್ಟೋ ವೀರಗಲ್ಲುಗಳ ಕತೆ ಇಷ್ಟೇ ಅಲ್ವಾ? ವಿರಾಟಪರ್ವದ ಗೋಗ್ರಹಣವೂ ಇದೇ. ಅಲ್ಲಿನವರಿಗೂ ದನವೇ ಹಣ, ದನವೇ ಮಾನ. ಹಾಗಾಗಿ ವೀರಗಲ್ಲು ನೋಡಿ ಬೆಳೆದ ನಮಗೆ ಆ ಕತೆಗಳು ದೂರದವು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಹೆಸರುಗಳ ವಿಷಯ. ಬರೆಯುವುದು ಒಂದು, ಓದುವುದು ಇನ್ನೊಂದು, ಅದಕ್ಕೇ ಗಲಿಬಿಲಿ. ಸದ್ಯಕ್ಕೆ ನಾಲ್ಕು ಹೆಸರು ಗೊತ್ತಿದ್ದರೆ ಸಾಕು. ಅಲ್ಸ್ಟರ್ ಸೀಮೆಯ ವೀರ ಕೂಹುಲಿನ್ (ಆ 'ಹು' ಗಂಟಲಿನಿಂದ ಬರಬೇಕು, ಖ ಮತ್ತು ಹ ನಡುವಿನ ಸದ್ದು), ಅವನ ರಾಜ ಕಾನರ್, ಎದುರಾಳಿ ಕಾನಾಟ್ ಸೀಮೆಯ ರಾಣಿ ಮೇವ್, ಅವಳ ಗಂಡ ಆಲಿಲ್. ಉಳಿದವರು ಕತೆ ಮುಂದೆ ಹೋದ ಹಾಗೆ ತಾವೇ ಪರಿಚಯ ಆಗುತ್ತಾರೆ.

ಪ್ರಶ್ನೆ: ಕೂಹುಲಿನ್ ಅಂದರೆ 'ಕುಲನ್‌ನ ನಾಯಿ' ಅಂತ ನೀವೇ ಬರೆದಿದ್ದೀರಿ. ಅಷ್ಟು ದೊಡ್ಡ ವೀರನಿಗೆ ನಾಯಿ ಅಂತ ಹೆಸರಿಡುತ್ತಾರೆಯೇ? ನಮ್ಮಲ್ಲಿ ಅದು ಬೈಗುಳ. (ಓದುಗರು, ಯಶವಂತಪುರ)

ಮೊದಲು ಅವನಿಗೆ ಆ ಹೆಸರು ಬಂದದ್ದು ಹೇಗೆ ಅಂತ ನೋಡೋಣ. ಹುಡುಗನ ಹೆಸರು ಸೆಟಾಂಟಾ. ಇನ್ನೂ ಏಳು ತುಂಬದ ವಯಸ್ಸು. ಕುಲನ್ ಎಂಬ ಕಮ್ಮಾರ ರಾಜನನ್ನು ಊಟಕ್ಕೆ ಕರೆದಿರುತ್ತಾನೆ. ಹುಡುಗ ಕೋಲು ಚೆಂಡಿನ ಆಟದಲ್ಲಿ ಮುಳುಗಿರುತ್ತಾನೆ, ಆಟ ಮುಗಿಸಿ ಆಮೇಲೆ ಬರುತ್ತೇನೆ ಅನ್ನುತ್ತಾನೆ. ಕಮ್ಮಾರ "ಇನ್ಯಾರಾದರೂ ಬರುವವರಿದ್ದಾರಾ?" ಅಂತ ಕೇಳಿದಾಗ ರಾಜನಿಗೆ ಹುಡುಗನ ನೆನಪೇ ಇಲ್ಲ. ಬಾಗಿಲು ಹಾಕಿ ಕಾವಲು ನಾಯಿ ಬಿಟ್ಟರು. ಅದು ಮೇಲೆ ಬಿದ್ದಾಗ ಹುಡುಗ ಕೋಲಿನಿಂದ ಚೆಂಡನ್ನು ಅದರ ಗಂಟಲಿಗೇ ಹೊಡೆದು ಕೊಂದ.

ಒಳಗಿದ್ದವರೆಲ್ಲ ಹುಡುಗ ಬದುಕಿದ ಅಂತ ಸಂತೋಷಪಟ್ಟರು. ಕಮ್ಮಾರ ಮಾತ್ರ ಸತ್ತ ನಾಯಿಯ ಹತ್ತಿರ ನಿಂತಿದ್ದ. ತನ್ನ ಮನೆಯನ್ನೂ ದನಗಳನ್ನೂ ಕಾಯುತ್ತಿದ್ದದ್ದು ಅದೊಂದೇ, ಇನ್ನು ನನ್ನ ಬದುಕು ಹೇಗೆ ಅಂದ. ಆಗ ಹುಡುಗ ಹೇಳಿದ ಮಾತು ನನಗೆ ಬಹಳ ಇಷ್ಟ. ಇದೇ ತಳಿಯ ಮರಿ ತಂದು ಸಾಕಿ ಕೊಡುತ್ತೇನೆ, ಅದು ದೊಡ್ಡದಾಗುವ ತನಕ ನಿಮ್ಮ ಮನೆ ಬಾಗಿಲಿಗೆ ನಾನೇ ನಾಯಿ. ಹೆಸರು ಬಂದದ್ದು ಹಾಗೆ. ಆದ ನಷ್ಟ ತುಂಬಿಕೊಡುತ್ತೇನೆ ಅಂತ ಒಂದು ಮಗು ಹೊತ್ತುಕೊಂಡ ಹೆಸರು ಅದು, ಬೈಗುಳ ಹೇಗಾದೀತು?

ನಮ್ಮಲ್ಲಿ ನಾಯಿಗೆ ಗೌರವ ಇರಲಿಲ್ಲ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ನೀವು ಬೆಂಗಳೂರಿನವರೇ, ಒಂದು ಭಾನುವಾರ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ಕಲ್ಲು ನೋಡಿ ಬನ್ನಿ. ಮದ್ದೂರಿನ ಕಡೆಯ ಊರು ಅದು, ಕಲ್ಲು ಸುಮಾರು 950ರದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ಮೇಲೆ ಕಾದಾಡಿದ ಮಣಲೇರ ಎಂಬ ವೀರನಿಗೆ ಗಂಗರ ಬೂತುಗ ಮೆಚ್ಚಿ, ಏನು ಬೇಕು ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡ ಪೂಜಾರಿಗೆ ಪಾಪ ತಟ್ಟುತ್ತದೆ ಅಂತಲೂ ಬರೆಸಿದ್ದಾರೆ. ನಾಯಿ ಹಂದಿ ಒಂದರ ಮೇಲೊಂದು ಬಿದ್ದಿರುವ ಆ ಕೆತ್ತನೆಯ ಮುಂದೆ ನಾನು ನಿಂತಾಗಲೆಲ್ಲ ಕುಲನ್‌ನ ಮನೆ ಬಾಗಿಲು ನೆನಪಾಗುತ್ತದೆ.

ಇನ್ನೊಂದು ಮಾತು. ಅಲ್ಲಿ ಪ್ರತಿ ವೀರನಿಗೂ 'ಗೆಶ್' ಅಂತ ಕಟ್ಟುಪಾಡು ಇರುತ್ತದೆ, ಮೀರಿದರೆ ಸಾವು. ಕೂಹುಲಿನ್ ನಾಯಿ ಮಾಂಸ ತಿನ್ನುವಂತಿಲ್ಲ. ದಾರಿಯಲ್ಲಿ ಯಾರಾದರೂ ಊಟಕ್ಕೆ ಕರೆದರೆ ಬೇಡ ಅನ್ನುವಂತೆಯೂ ಇಲ್ಲ. ಕೊನೆಯ ಯುದ್ಧಕ್ಕೆ ಹೋಗುವಾಗ ದಾರಿ ಬದಿಯಲ್ಲಿ ಮುದುಕಿಯರು ನಾಯಿ ಮಾಂಸ ಬೇಯಿಸಿಕೊಂಡು, ಬಡವರ ಊಟ ಅಂತ ಹೋಗುತ್ತೀಯಾ ಅನ್ನುತ್ತಾರೆ. ಯಾವ ಕಡೆ ಹೋದರೂ ಕಟ್ಟು ಮುರಿಯುತ್ತದೆ. ಅವನು ತಿನ್ನುತ್ತಾನೆ. ಯುದ್ಧದಲ್ಲಿ ಹೊಟ್ಟೆ ಬಗಿದ ಮೇಲೂ ಬೀಳಬಾರದು ಅಂತ ತನ್ನನ್ನು ಒಂದು ನಿಲುವುಗಲ್ಲಿಗೆ ಕಟ್ಟಿಕೊಂಡು ನಿಂತೇ ಸಾಯುತ್ತಾನೆ. ಹೆಗಲ ಮೇಲೆ ಕಾಗೆ ಬಂದು ಕೂತ ಮೇಲಷ್ಟೇ ಶತ್ರುಗಳಿಗೆ ಹತ್ತಿರ ಹೋಗುವ ಧೈರ್ಯ ಬರುತ್ತದೆ. ಡಬ್ಲಿನ್‌ನ ದೊಡ್ಡ ಅಂಚೆ ಕಚೇರಿಯಲ್ಲಿ ಬ್ರಿಟಿಷರ ವಿರುದ್ಧ ನಡೆದ 1916ರ ದಂಗೆಯ ನೆನಪಿಗೆ ಇಟ್ಟಿರುವ ಕಂಚಿನ ಪ್ರತಿಮೆ ಇದೇ ಗಳಿಗೆಯದು.

ಪ್ರಶ್ನೆ: ಒಂದು ಗೂಳಿಗೋಸ್ಕರ ಮೇವ್ ರಾಣಿ ಇಡೀ ದೇಶವನ್ನೇ ಯುದ್ಧಕ್ಕೆ ತಳ್ಳಿದಳಂತೆ. ಅಲ್ಲೂ ಹೆಣ್ಣಿನ ಮೇಲೇ ತಪ್ಪು ಹೊರಿಸಿದ್ದಾರಲ್ಲ? (ಓದುಗರು, ಕೆಂಗೇರಿ)

ಮೇಡಂ, ಒಳ್ಳೆಯ ಪ್ರಶ್ನೆ. ರಾತ್ರಿ ಮಲಗುವ ಹೊತ್ತಿಗೆ ಗಂಡ ಹೆಂಡತಿ ಮಾತಿಗೆ ಕೂರುತ್ತಾರೆ. ನನ್ನನ್ನು ಮದುವೆಯಾಗಿ ನಿನ್ನ ಸ್ಥಿತಿ ಸುಧಾರಿಸಿತು ಅಂತ ಮೊದಲು ಅಂದವನು ಆಲಿಲ್. ಮೇವ್ ಸುಮ್ನೆ ಕೇಳಿಸಿಕೊಳ್ಳುವವಳಲ್ಲ, ಅವಳು ಬಂದದ್ದೇ ಸ್ವಂತ ಆಸ್ತಿಯೊಂದಿಗೆ. ಕೊಡ ಬಾನಿಯಿಂದ ಹಿಡಿದು ಕುರಿ ಕುದುರೆವರೆಗೆ ಎಲ್ಲ ತರಿಸಿ ಎಣಿಸುತ್ತಾರೆ. ಸರಿಸಮ. ಒಂದೇ ವ್ಯತ್ಯಾಸ, ಗಂಡನ ಹಿಂಡಿನಲ್ಲಿರುವ ಬಿಳಿ ಕೊಂಬಿನ ಗೂಳಿ. ಅದು ಹುಟ್ಟಿದ್ದು ಅವಳ ಹಸುವಿನ ಹೊಟ್ಟೆಯಲ್ಲೇ. ಹೆಂಗಸಿನ ಸೊತ್ತಾಗಿ ಇರಲಾರೆ ಅಂತ ಆ ಗೂಳಿ ಗಂಡನ ಹಿಂಡಿಗೆ ಹೋಗಿತ್ತಂತೆ! ಅವಳಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಅವಳು ನೇರವಾಗಿ ಯುದ್ಧಕ್ಕೂ ಹೋಗಲಿಲ್ಲ. ಕೂಲ್ನ್ಯದ ಕಂದು ಗೂಳಿಯನ್ನು ಒಂದು ವರ್ಷಕ್ಕೆ ಎರವಲು ಕೇಳಿದಳು, ಬದಲಿಗೆ 50 ಕಡಸು, ಭೂಮಿ, ರಥ ಕೊಡುತ್ತೇನೆ ಅಂದಳು. ಗೂಳಿಯ ಯಜಮಾನ ಕುಣಿದಾಡಿ ಒಪ್ಪಿದ. ರಾತ್ರಿ ಕುಡಿದ ಅವಳ ದೂತರಲ್ಲೊಬ್ಬನ ಬಾಯಿ ಜಾರಿತು, ಕೊಡದಿದ್ದರೆ ಕಿತ್ತುಕೊಂಡೇ ಹೋಗುತ್ತಿದ್ದೆವು ಅಂದ. ಆ ಮಾತು ಯಜಮಾನನ ಕಿವಿಗೆ ಬಿತ್ತು. ಅಷ್ಟೇ, ಕೆಟ್ಟಿತು. ಗೂಳಿ ಕೊಡುವುದಿಲ್ಲ ಅಂದ, ಮೇವ್ ಅಲ್ಸ್ಟರ್ ಮೇಲೆ ದಂಡೆತ್ತಿ ಬಂದಳು.

ಆದರೆ ನೀವು ಮೇವ್‌ಗಿಂತ ಜಾಸ್ತಿ ಗಮನಿಸಬೇಕಾದವಳು ಮಾಹಾ. ಮೇವ್‌ಳ ಸೈನ್ಯ ಬಂದಾಗ ಅಲ್ಸ್ಟರ್‌ನ ಗಂಡಸರು ಏಕೆ ಏಳಲಿಲ್ಲ ಅನ್ನುವುದಕ್ಕೆ ಕಾರಣ ಅವಳು. ಅವಳ ಗಂಡ ಜಾತ್ರೆಯಲ್ಲಿ, ನನ್ನ ಹೆಂಡತಿ ರಾಜನ ಕುದುರೆಗಳಿಗಿಂತ ಜೋರಾಗಿ ಓಡುತ್ತಾಳೆ ಅಂತ ಜಂಬ ಕೊಚ್ಚಿಕೊಂಡ. ರಾಜ ಅವಳನ್ನು ಹಿಡಿದು ತರಿಸಿದ. ಅವಳು ದಿನ ತುಂಬಿದ ಬಸುರಿ. ಹೆರಿಗೆ ಆಗುವ ತನಕ ಬಿಡಿ ಅಂದಳು. ಕೇಳಲಿಲ್ಲ. ನಿಮ್ಮೆಲ್ಲರನ್ನೂ ಹೆತ್ತವಳು ಒಬ್ಬ ತಾಯಿಯೇ ಅಲ್ವಾ ಅಂತ ಸುತ್ತ ನಿಂತ ಜನರ ಕಡೆ ತಿರುಗಿ ಕೇಳಿದಳು. ಒಬ್ಬರೂ ಬಾಯಿ ಬಿಡಲಿಲ್ಲ. ಓಡಿದಳು, ಗೆದ್ದಳು, ಗುರಿಯ ಹತ್ತಿರವೇ ಬಿದ್ದು ಅವಳಿ ಮಕ್ಕಳನ್ನು ಹೆತ್ತಳು. ನಿಮಗೆ ಕಷ್ಟ ಬಂದ ಹೊತ್ತಿಗೇ ಐದು ಹಗಲು ನಾಲ್ಕು ರಾತ್ರಿ ಈ ಹೆರಿಗೆ ನೋವು ನಿಮಗೂ ಬರಲಿ, ಒಂಬತ್ತು ತಲೆಮಾರು ಬರಲಿ ಅಂತ ಶಪಿಸಿದಳು. ಅವರ ರಾಜಧಾನಿಯ ಹೆಸರು ಎವಿನ್ ಮಾಹಾ, ಅಂದರೆ ಮಾಹಾಳ ಅವಳಿಗಳು. ತಮ್ಮ ತಪ್ಪನ್ನೇ ಊರಿನ ಹೆಸರಾಗಿ ಇಟ್ಟುಕೊಂಡ ಜನ ಅವರು. ಶಾಪ ತಟ್ಟದೆ ಉಳಿದವನು 17 ವರ್ಷದ ಕೂಹುಲಿನ್ ಒಬ್ಬನೇ. ಇಡೀ ಸೈನ್ಯವನ್ನು ಹೊಳೆ ದಾಟುವ ಕಡವಿನಲ್ಲಿ ಒಬ್ಬೊಬ್ಬರಂತೆ ತಡೆಯಬೇಕಾಗಿ ಬಂದದ್ದು ಅದಕ್ಕೆ.

ಪ್ರಶ್ನೆ: ಕರ್ಣಾರ್ಜುನರ ಕಾಳಗದಂಥದ್ದು ಅಲ್ಲೇನಾದರೂ ಇದೆಯೇ? (ಓದುಗರು, ಹನುಮಂತನಗರ)

ಇದೆ, ಮತ್ತು ನನಗೆ ಇಡೀ ಕತೆಯೇ ಅದು. ಫರ್ಡಿಯಾ ಮತ್ತು ಕೂಹುಲಿನ್ ಒಂದೇ ಗರಡಿಯ ಹುಡುಗರು. ಇಬ್ಬರಿಗೂ ಯುದ್ಧ ಕಲಿಸಿದ ಗುರು ಸ್ಕಾಹಕ್ ಎಂಬ ಹೆಂಗಸು. ಫರ್ಡಿಯಾ ಈಗ ಮೇವ್ ಕಡೆ ಇದ್ದಾನೆ, ಗೆಳೆಯನ ಮೇಲೆ ಕೈ ಎತ್ತುವುದಿಲ್ಲ ಅನ್ನುತ್ತಾನೆ. ಮೇವ್ ಮಗಳನ್ನು ಕೊಡುತ್ತೇನೆ ಅಂದಳು, ಭೂಮಿ ಕೊಡುತ್ತೇನೆ ಅಂದಳು. ಕೊನೆಗೆ, ಕವಿಗಳನ್ನು ಕರೆಸಿ ನಿನ್ನ ಮೇಲೆ ನಿಂದೆಯ ಹಾಡು ಕಟ್ಟಿಸುತ್ತೇನೆ ಅಂದಳು. ಕವಿ ಬೈದು ಹಾಡಿದರೆ ಮುಖದ ಮೇಲೆ ಗುಳ್ಳೆ ಏಳುತ್ತವೆ ಅಂತ ನಂಬಿದ್ದ ಜನ. ಮಾನಕ್ಕೆ ಹೆದರಿ ಒಪ್ಪಿದ.

ಮೊದಲ ದಿನ ಸಣ್ಣ ಈಟಿಗಳಲ್ಲಿ ಕಾದಾಡಿದರು. ಸಂಜೆ ಆಯುಧ ಕೆಳಗಿಟ್ಟು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಇಬ್ಬರ ಕುದುರೆಗಳೂ ಒಂದೇ ಕಡೆ ಕಟ್ಟಿದ್ದವು, ಸಾರಥಿಗಳು ಒಂದೇ ಬೆಂಕಿಯ ಮುಂದೆ ಮಲಗಿದರು. ಕೂಹುಲಿನ್‌ಗೆ ಕಟ್ಟಿದ ಮದ್ದಿನ ಸೊಪ್ಪಿನಲ್ಲಿ ಅರ್ಧ ಹೊಳೆಯ ಆಚೆ ಫರ್ಡಿಯಾಗೆ ಹೋಯಿತು. ಫರ್ಡಿಯಾಗೆ ಬಂದ ಊಟದಲ್ಲಿ ಅರ್ಧ ಈಚೆ ಬಂತು. ಎರಡನೆಯ ರಾತ್ರಿಯೂ ಹಾಗೇ. ಮೂರನೆಯ ದಿನ ಭಾರದ ಕತ್ತಿಗಳು. ಆ ರಾತ್ರಿ ಕುದುರೆಗಳು ಬೇರೆ, ಬೆಂಕಿ ಬೇರೆ. ಯುದ್ಧದ ವರ್ಣನೆ ಎಷ್ಟೋ ಓದಿದ್ದೇನೆ, ಆ ಬೇರೆ ಬೇರೆ ಎರಡು ಬೆಂಕಿ ಮಾತ್ರ ಕಣ್ಣಿನಿಂದ ಹೋಗುವುದಿಲ್ಲ.

ನಾಲ್ಕನೆಯ ದಿನ ಕೂಹುಲಿನ್ ಸೋಲುವ ಹಂತಕ್ಕೆ ಬಂದಾಗ ಗೇ ಬೋಲ್ಗ ಕೇಳುತ್ತಾನೆ. ಸ್ಕಾಹಕ್ ಅವನೊಬ್ಬನಿಗೇ ಕಲಿಸಿದ್ದ ಆಯುಧ ಅದು. ನೀರಿನಲ್ಲಿ ತೇಲಿಸಿ ಕಾಲಿನಿಂದ ಎಸೆಯಬೇಕು, ಒಳಹೊಕ್ಕ ಮೇಲೆ ಮುಳ್ಳುಗಳಾಗಿ ಬಿಚ್ಚಿಕೊಳ್ಳುತ್ತದೆ. ಫರ್ಡಿಯಾ ಬೀಳುತ್ತಾನೆ. ಕೂಹುಲಿನ್ ಅವನನ್ನು ಎತ್ತಿಕೊಂಡು ಹೊಳೆಯ ತನ್ನ ದಡಕ್ಕೆ ತರುತ್ತಾನೆ, ಇಷ್ಟು ದಿನದ ಯುದ್ಧವೆಲ್ಲ ಬರೀ ಆಟವಾಗಿತ್ತು, ನೀನು ಬರುವ ತನಕ ಅಂತ ಅಳುತ್ತಾನೆ. ಆ ಕಡವಿನ ಊರು ಈಗಲೂ ಇದೆ, ಆರ್ಡಿ ಅಂತ. ಫರ್ಡಿಯಾನ ಕಡವು ಅನ್ನುವುದೇ ಸವೆದು ಆರ್ಡಿ ಆಗಿದೆ.

ಕರ್ಣನಿಗೆ ಹೋಲಿಸಿದಿರಿ. ಒಂದು ವ್ಯತ್ಯಾಸ ನೋಡಿ. ಕರ್ಣನಿಗೆ ತಮ್ಮ ಯಾರು ಅಂತ ಗೊತ್ತು, ಅರ್ಜುನನಿಗೆ ಗೊತ್ತಿಲ್ಲ. ಇಲ್ಲಿ ಇಬ್ಬರಿಗೂ ಎಲ್ಲವೂ ಗೊತ್ತು.

ಪ್ರಶ್ನೆ: ಇದೆಲ್ಲ ನಿಜವಾಗಿ ನಡೆದದ್ದೇ? (ಪಿಯುಸಿ ವಿದ್ಯಾರ್ಥಿ, ವಿಜಯನಗರ)

ಬಾಯಿಂದ ಬಾಯಿಗೆ ಬಂದದ್ದನ್ನು ಕ್ರೈಸ್ತ ಮಠಗಳವರು ಚರ್ಮದ ಹಾಳೆಗಳ ಮೇಲೆ ಬರೆದಿಟ್ಟರು. ಉಳಿದಿರುವ ಹಳೆಯ ಪ್ರತಿಗಳು ಸುಮಾರು 1100ರಿಂದ ಈಚಿನವು. ಒಂದರ ಹೆಸರೇ 'ಕಂದು ಹಸುವಿನ ಪುಸ್ತಕ'. 12ನೆಯ ಶತಮಾನದ ಇನ್ನೊಂದು ಪ್ರತಿಯಲ್ಲಿ ಕತೆ ಮುಗಿದ ಮೇಲೆ ಎರಡು ಟಿಪ್ಪಣಿ ಇವೆ. ಐರಿಶ್ ಭಾಷೆಯಲ್ಲಿ, ಇದನ್ನು ಹೀಗೇ ಬಾಯಿಪಾಠ ಮಾಡಿದವರಿಗೆ ಒಳ್ಳೆಯದಾಗಲಿ ಅಂತ. ಕೆಳಗೆ ಲ್ಯಾಟಿನ್‌ನಲ್ಲಿ, ಬರೆದ ನನಗೇ ಇದರಲ್ಲಿ ಎಷ್ಟೋ ನಂಬಿಕೆ ಇಲ್ಲ ಅಂತ. ಎರಡೂ ಮನಸ್ಸಿಟ್ಟು ಬರೆದವೇ ಅಂತ ನನಗನ್ನಿಸುತ್ತದೆ. ಎವಿನ್ ಮಾಹಾ ಮಾತ್ರ ನಿಜವಾದ ಜಾಗ. ಆರ್ಮಾ ಊರಿನ ಹತ್ತಿರ ಅಗೆದಾಗ ಕ್ರಿ.ಪೂ. 95ರ ಹೊತ್ತಿನ, ಸುಮಾರು 40 ಮೀಟರ್ ಅಗಲದ ದುಂಡನೆಯ ಮರದ ಕಟ್ಟಡದ ಗುರುತು ಸಿಕ್ಕಿದೆ.

ಪ್ರಶ್ನೆ: ಮೊಮ್ಮಗಳಿಗೆ ಆರು ವರ್ಷ. ಇಷ್ಟು ರಕ್ತ ಇಲ್ಲದ ಒಂದು ಕತೆ ಹೇಳಿ. (ಅಜ್ಜಿ, ಜಯನಗರ)

ಅಮ್ಮಾ, ಫಿನ್ ಮತ್ತು ಮೀನಿನ ಕತೆ ಹೇಳಿ. ಬಾಯ್ನ್ ಹೊಳೆಯಲ್ಲಿ ಒಂದು ಮೀನು, ಅದನ್ನು ಮೊದಲು ತಿಂದವರಿಗೆ ಲೋಕದ ಜ್ಞಾನವೆಲ್ಲ ಬರುತ್ತದೆ. ಒಬ್ಬ ಮುದಿ ಕವಿ ಏಳು ವರ್ಷ ಕಾದು ಹಿಡಿದ. ಬೇಯಿಸು, ತಿನ್ನಬೇಡ ಅಂತ ಶಿಷ್ಯ ಫಿನ್‌ಗೆ ಹೇಳಿದ. ಹುಡುಗ ಮೀನು ತಿರುವುವಾಗ ಹೆಬ್ಬೆರಳು ಸುಟ್ಟಿತು, ತಟ್ಟನೆ ಬಾಯಿಗಿಟ್ಟುಕೊಂಡ. ಕವಿ ಹುಡುಗನ ಮುಖ ನೋಡಿಯೇ ಗೊತ್ತುಮಾಡಿಕೊಂಡ. ಬೈಯಲಿಲ್ಲ. ಉಳಿದ ಮೀನನ್ನೂ ನೀನೇ ತಿನ್ನು ಮಗು ಅಂತ ಕೊಟ್ಟುಬಿಟ್ಟ. ಆಮೇಲೆ ದೊಡ್ಡ ವೀರನಾದ ಮೇಲೂ ಏನಾದರೂ ತಿಳಿಯದಿದ್ದಾಗ ಫಿನ್ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಳ್ಳುತ್ತಿದ್ದ. ಬೆರಳಿನ ಆ ಭಾಗ ಬಂದಾಗ ನೀವೂ ಮಾಡಿ ತೋರಿಸಿ, ಮಗು ಇನ್ನೊಂದು ಸಲ ಹೇಳು ಅನ್ನುತ್ತದೆ.