ಅಪ್ಪನ ಕಿವಿಯ ಹುಣ್ಣು ಮತ್ತು ಪತ್ರದ ಕೊನೆಯ ಸಾಲು

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಕಾಫಿ ತೋಟ ನೋಡಿಕೊಳ್ಳುತ್ತಾರೆ. ಬಲಕಿವಿಯ ಮೇಲಂಚಿನಲ್ಲಿ ಎದ್ದ ಹುಣ್ಣು ಏಳು ತಿಂಗಳಾದರೂ ಮಾಯಲಿಲ್ಲ. ಹಕ್ಕಳೆ ಕಟ್ಟುತ್ತಿತ್ತು, ಉದುರುತ್ತಿತ್ತು, ಮತ್ತೆ ರಕ್ತ. ಈಗ ಕತ್ತರಿಸಿ ತೆಗೆದಿದ್ದಾರೆ. ರಿಪೋರ್ಟ್‌ನಲ್ಲಿ ‘ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ, ವೆಲ್ ಡಿಫರೆನ್ಷಿಯೇಟೆಡ್’ ಎಂದಿದೆ. ಅಗಲ 1.4 ಸೆಂ.ಮೀ., ಆಳ 3 ಮಿ.ಮೀ., ಅಂಚು ಫ್ರೀ, ನರಕ್ಕೆ ಹರಡಿಲ್ಲ. ಪೂರ್ತಿ ಗುಣ ಆಗುತ್ತಾ? ಅಂದಹಾಗೆ, 9 ವರ್ಷದ ಹಿಂದೆ ಅವರಿಗೆ ಕಿಡ್ನಿ ಕಸಿ ಆಗಿದೆ, ಮಾತ್ರೆ ನಡೆಯುತ್ತಿದೆ.
– ಓದುಗರು, ಮೂಡಿಗೆರೆ ತಾಲೂಕು

ಉತ್ತರ: ‘ಅಂದಹಾಗೆ’ ಅಂತ ಕೊನೆಗೆ ಸೇರಿಸಿದ್ದೀರಲ್ಲ, ನಿಮ್ಮ ಪತ್ರದಲ್ಲಿ ಮುಖ್ಯವಾದದ್ದು ಅದೇ. ಅದಕ್ಕೆ ಆಮೇಲೆ ಬರುತ್ತೇನೆ.

‘ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ’ ಅಂದರೆ ಚರ್ಮದ ಒಂದು ಬಗೆಯ ಕ್ಯಾನ್ಸರ್. ರಿಪೋರ್ಟ್ ಚೆನ್ನಾಗಿದೆ. ಅಂಚು ಫ್ರೀ ಅಂದರೆ ಕತ್ತರಿಸಿದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಕಂಡಿಲ್ಲ. ಅಗಲ 2 ಸೆಂ.ಮೀ. ದಾಟಿಲ್ಲ. ಆಳ 6 ಮಿ.ಮೀ. ಮೀರಿದರೆ ನಮಗೆ ಚಿಂತೆ, ಇದು ಅದರ ಅರ್ಧ. ‘ವೆಲ್ ಡಿಫರೆನ್ಷಿಯೇಟೆಡ್’ ಅಂದರೆ ಕ್ಯಾನ್ಸರ್ ಕೋಶಗಳಲ್ಲಿ ಇನ್ನೂ ಮಾಮೂಲಿ ಚರ್ಮದ ಹೋಲಿಕೆ ಇದೆ. ಗುರುತು ಸಿಗದಷ್ಟು ಕೆಟ್ಟಿದ್ದರೆ ಹರಡುವ ಭಯ ಜಾಸ್ತಿ.

ನರದ ಮಾತು ಬಂದಾಗ ಬೇಲೂರು ಕಡೆಯ ಅಡಿಕೆ ಬೆಳೆಗಾರರೊಬ್ಬರು ನೆನಪಾಗುತ್ತಾರೆ. ಹಣೆ ಪಕ್ಕದ ಸಣ್ಣ ಗಂಟನ್ನು ಎಲ್ಲೋ ತೆಗೆಸಿಕೊಂಡಿದ್ದರು. ತುಂಡನ್ನು ಲ್ಯಾಬ್‌ಗೆ ಕಳಿಸಿರಲಿಲ್ಲ. ವರ್ಷವಾದ ಮೇಲೆ ಹಾಸನದ ನನ್ನ ಕ್ಲಿನಿಕ್‌ಗೆ ಬಂದು, ‘ಕೆನ್ನೆ ಮೇಲೆ ಇರುವೆ ಹರಿದಂಗಾಗುತ್ತೆ ಡಾಕ್ಟ್ರೇ’ ಅಂದರು. ಮೇಲೆ ಗಾಯ ಒಣಗಿ ನುಣ್ಣಗಾಗಿತ್ತು. ಒಳಗೆ ರೋಗ ನರ ಹಿಡಿದು ಹೊರಟಿತ್ತು. ದೊಡ್ಡ ಆಪರೇಷನ್, ಮೇಲೆ ರೇಡಿಯೇಷನ್, ಎರಡೂ ಬೇಕಾಯಿತು. ನಿಮ್ಮ ತಂದೆಗೆ ಆ ಕಷ್ಟ ಇಲ್ಲ.

ಆದರೆ ಜಾಗ ಕಿವಿ. ಕಿವಿ ಮತ್ತು ತುಟಿಯ ಮೇಲೆ ಬಂದದ್ದು ಬೇರೆ ಕಡೆಗಿಂತ ಸ್ವಲ್ಪ ಹೆಚ್ಚು ಹರಡುತ್ತದೆ. ಹರಡಿದರೆ ಕಿವಿಯ ಮುಂದಿನ ಪರೋಟಿಡ್ ಎಂಬ ಜೊಲ್ಲಿನ ಗ್ರಂಥಿಯೊಳಗಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್), ಇಲ್ಲವೇ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ. ಅಲ್ಲಿಗೆ ಹೋದರೆ ಗುಣವಾಗುವ ಲೆಕ್ಕವೇ ಬದಲಾಗುತ್ತದೆ. ಕುತ್ತಿಗೆಯ ಸ್ಕ್ಯಾನಿಂಗ್ ಒಮ್ಮೆ ಮಾಡಿಸಿ. ಚಿಕ್ಕಮಗಳೂರಲ್ಲೇ ಆಗುತ್ತದೆ, ಇದೊಂದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ.

ಈಗ ಕಿಡ್ನಿ. ಕಸಿ ಮಾಡಿದ ಕಿಡ್ನಿಯನ್ನು ದೇಹ ತಳ್ಳಿಹಾಕದಿರಲಿ ಅಂತ ಆ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಕ್ಯಾನ್ಸರ್ ಕೋಶವನ್ನು ಹುಡುಕಿ ಕೊಲ್ಲುವುದೂ ಅದೇ ಶಕ್ತಿ. ಹಾಗಾಗಿ ಇಂಥವರಲ್ಲಿ ಈ ಕ್ಯಾನ್ಸರ್ ಬರುವುದು ಹೆಚ್ಚು, ಮರಳುವುದು ಹೆಚ್ಚು, ಇನ್ನೊಂದು ಕಡೆ ಹೊಸದಾಗಿ ಏಳುವುದೂ ಹೆಚ್ಚು. ರಿಪೋರ್ಟ್ ಎಷ್ಟೇ ಚೆನ್ನಾಗಿದ್ದರೂ ನಾನು ನಿಮ್ಮ ತಂದೆಯನ್ನು ಹುಷಾರಾಗಿ ನೋಡಬೇಕಾದವರ ಪಟ್ಟಿಗೇ ಸೇರಿಸುತ್ತೇನೆ. ಹಾಗಂತ ಮಾತ್ರೆ ಸುಮ್ನೆ ನಿಲ್ಲಿಸಿಬಿಡಬೇಡಿ, ಕಿಡ್ನಿಯೇ ಹೋದೀತು. ಈ ರಿಪೋರ್ಟನ್ನು ಕಿಡ್ನಿ ಡಾಕ್ಟರಿಗೆ ತೋರಿಸಿ. ಡೋಸ್ ಇಳಿಸುವುದೋ ಮಾತ್ರೆ ಬದಲಿಸುವುದೋ ಅವರು ಹೇಳಬೇಕು.

ಗುಣ ಆಗುತ್ತಾ ಅಂದರೆ, ಈ ಹುಣ್ಣಿನ ಮಟ್ಟಿಗೆ ಹೆಚ್ಚಿನಂಶ ಆಗಿದೆ. ಮರಳುವುದಿದ್ದರೆ ಬಹುತೇಕ ಮೊದಲ 2 ವರ್ಷದಲ್ಲೇ. ಅಲ್ಲಿತನಕ 3 ತಿಂಗಳಿಗೊಮ್ಮೆ ತೋರಿಸಿ. ತಲೆ, ಮುಖ, ಮುಂಗೈ ಎಲ್ಲ ನೋಡಿಸಿ. ನಮ್ಮ ಬಣ್ಣದವರಿಗೆ ಇದು ಕಮ್ಮಿ ಅಂತ ನಾವು ಡಾಕ್ಟರುಗಳೂ ಒಮ್ಮೊಮ್ಮೆ ಮೈಮರೆಯುತ್ತೇವೆ, ಬಿಡದೆ ಕೇಳಿ.

ಕಣದಲ್ಲಿ ಕಾಫಿ ಒಣಗಿಸುವಾಗ ತಲೆಗೆ ಟವೆಲ್ ಸುತ್ತಿಕೊಳ್ಳುತ್ತಾರೆ, ಅಲ್ವಾ? ಕಿವಿ ಹೊರಗೇ ಇರುತ್ತದೆ. ಹಾಳೆ ಟೊಪ್ಪಿಯದೂ ಅದೇ ಕಥೆ. ಅಗಲ ಅಂಚಿನ ಬಟ್ಟೆ ಟೋಪಿ ಕೊಡಿಸಿ.