ನಮ್ಮ ಹೆಸರು ಎಲ್ಲಿ ಬರೆದಿರುತ್ತೆ ಅಂತ ಕೇಳಿದಿರಲ್ಲ, ಮೇಡಂ

ಮೊನ್ನೆ ನೀವು ಕೋರಿರೊಟ್ಟಿ ಮಾಡಿ ಸ್ಟಾಫಿನವರನ್ನೆಲ್ಲ ಮನೆಗೆ ಕರೆದಿರಿ. ನಾನು ರೊಟ್ಟಿಗೆ ಮಜ್ಜಿಗೆ ಹಾಕಿಕೊಂಡು ಉಂಡು ಎದ್ದೆ. ನಿಮ್ಮ ಮುಖ ಸಣ್ಣದಾಯಿತು. ಅಡುಗೆ ಹಿಡಿಸಲಿಲ್ಲ ಅಂದುಕೊಂಡಿರಿ. ಹಾಗಲ್ಲ ಮೇಡಂ, ನಾವು ಕೋಳಿ ತಿನ್ನೋರಲ್ಲ ಅಂದೆ. ಕುರಿ ತಿಂತೀರಲ್ಲ, ಮತ್ತೆ ಕೋಳಿ ಯಾಕಿಲ್ಲ ಅಂದಿರಿ. ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಆಗಲಿಲ್ಲ.

ಆಮೇಲೆ ನೀವು ನಿಮ್ಮ ಊರಿನ ಇಗರ್ಜಿಯ ವಿಷಯ ಹೇಳಿದಿರಿ. ಮಗುವಿನ ಜ್ಞಾನಸ್ನಾನ, ಮದುವೆ, ಸಾವು ಎಲ್ಲವನ್ನೂ ಅಲ್ಲಿನ ದೊಡ್ಡ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಕೆಲಸಕ್ಕೆ ಅಂತ ಊರು ಬಿಟ್ಟರೆ ಅಲ್ಲಿಂದ ಪತ್ರ ತಂದು ಹೊಸ ಇಗರ್ಜಿಗೆ ಕೊಡುತ್ತೀರಿ. 'ನಿಮ್ಮ ಹೆಸರು ಎಲ್ಲಿ ಬರೆದಿರುತ್ತೆ?' ಅಂತ ಕೇಳಿದಿರಿ. ಅವತ್ತಿನಿಂದ ಅದೇ ತಲೆಯಲ್ಲಿ ಕೂತಿದೆ. ಬಾಯಲ್ಲಿ ಹೇಳಲು ಹೋದರೆ ತಪ್ಪುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಮ್ಯಾಸ ನಾಯಕರು. ಮೊಳಕಾಲ್ಮೂರು, ಚಳ್ಳಕೆರೆ ಕಡೆ ದನ ಕಾಯ್ದುಕೊಂಡು ಬಂದ ಜನ. ಹಿಂದೆ ಮ್ಯಾಸಬೇಡರು ಅನ್ನುತ್ತಿದ್ದರು. ಒಂದೊಂದು ದೇವರಿಗೆ ನಡೆದುಕೊಳ್ಳುವ ಮನೆಗಳೆಲ್ಲ ಸೇರಿ ಒಂದು ಗುಡಿಕಟ್ಟು. ಗುಡಿಕಟ್ಟು ಅಂದರೆ ಬರೀ ಕಟ್ಟಡ ಅಂತ ತಿಳಿಯಬೇಡಿ. ಆ ದೇವರು, ಪೂಜಾರಿ, ಯಜಮಾನರು, ದೇವರ ಎತ್ತುಗಳು, ಎತ್ತು ಕಾಯುವ ಕಿಲಾರಿ, ಆಮೇಲೆ ಒಕ್ಕಲು ಮನೆಗಳು, ಇಷ್ಟೂ ಸೇರಿದರೆ ಗುಡಿಕಟ್ಟು. ಇದರಲ್ಲಿ ಲೆಕ್ಕ ಮನೆಯದು, ಆಳಿನದಲ್ಲ. 'ಇವರ ಮನೆ ನಮ್ಮ ದೇವರ ಒಕ್ಕಲು' ಅಂತಾರೆ. 'ಇವನು ಭಕ್ತ' ಅಂತ ಯಾರೂ ಹೇಳುವುದಿಲ್ಲ. ನನಗೆ ಭಕ್ತಿ ಇದೆಯೋ ಇಲ್ಲವೋ ಯಾರೂ ಕೇಳಿಲ್ಲ. ಹಬ್ಬ ಬಂದಾಗ ಮನೆಗೆ ಇಷ್ಟು ಅಂತ ವಂತಿಗೆ ಎತ್ತುತ್ತಾರೆ. ಕೊಟ್ಟರೆ ಆಯಿತು. ಕೊಡದಿದ್ದರೆ ಅಪ್ಪನನ್ನೋ ಅಣ್ಣನನ್ನೋ ಕೇಳುತ್ತಾರೆ. ಹುಟ್ಟಿದ ಮನೆಯಿಂದ ನೀವು ಒಳಗೆ ಬಂದಿರುತ್ತೀರಿ, ಹೊರಗೆ ಹೋಗುವ ಬಾಗಿಲನ್ನು ಯಾರೂ ಇಟ್ಟಿಲ್ಲ.

ಹೆಣ್ಣುಮಕ್ಕಳ ಲೆಕ್ಕ ಬೇರೆ. ಮದುವೆಯಾದ ಮೇಲೆ ಗಂಡನ ಮನೆಯ ದೇವರೇ ಅವಳ ದೇವರು. ನನ್ನ ಅಕ್ಕ ಮದುವೆಯಾಗಿ 20 ವರ್ಷವಾಯಿತು. ಈಗಲೂ ಹಬ್ಬಕ್ಕೆ ಬಂದರೆ ನಮ್ಮ ದೇವರಿಗೆ ಒಂದು ತೆಂಗಿನಕಾಯಿ ಜಾಸ್ತಿ ಒಡೆಸುತ್ತಾಳೆ. ಅವಳ ಹೆಸರಲ್ಲಿ ವಂತಿಗೆ ಯಾರೂ ಕೇಳುವುದಿಲ್ಲ. ಕೇಳದಿರುವುದೇ ಅವಳಿಗೆ ನೋವು ಅಂತ ನನಗೆ ತಡವಾಗಿ ಗೊತ್ತಾಯಿತು.

ಕೋಳಿಯ ವಿಷಯಕ್ಕೆ ಬರುತ್ತೇನೆ. ಕೋಳಿ ನಮಗೆ ನಿಷಿದ್ಧ. ಹಟ್ಟಿಯೊಳಗೆ ಸಾಕುವುದಿಲ್ಲ, ಮೊಟ್ಟೆ ತರುವುದಿಲ್ಲ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ. ನಮ್ಮಜ್ಜಿ ಯಾವ ಕತೆಯನ್ನೂ ಹೇಳುತ್ತಿರಲಿಲ್ಲ. 'ಮನದಿ ಕಾದು' ಅನ್ನುತ್ತಿದ್ದಳು, ಅಷ್ಟೇ. ನಮ್ಮದಲ್ಲ ಅಂತ. ಅಜ್ಜಿ ಮನೆಯಲ್ಲಿ ಆಡುತ್ತಿದ್ದದ್ದು ತೆಲುಗು. ನಾವು ಶಾಲೆಗೆ ಹೋಗಿ ಕನ್ನಡದವರಾದೆವು. ನೀವು ರಿಜಿಸ್ಟರ್ ಅಂದಿರಲ್ಲ, ನಮ್ಮ ರಿಜಿಸ್ಟರ್ ಇದೇ. ಏನು ತಿನ್ನುವುದಿಲ್ಲ ಅನ್ನೋದರಲ್ಲೇ ನಾವು ಯಾರು ಅಂತ ಬರೆದಿರುತ್ತೆ.

ಇನ್ನೊಂದು ಕಡೆಯೂ ಬರೆದಿರುತ್ತೆ. ನಮ್ಮ ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿ. ಓಬಯ್ಯ, ಬೋರಯ್ಯ, ಪಾಲಯ್ಯ, ಮಾರಕ್ಕ, ತಿಪ್ಪೇಸ್ವಾಮಿ, ತಿಪ್ಪಮ್ಮ. ಈಗ ಹೆಸರಿಗೆ ಮುಂದೆ ಹಿಂದೆ ಏನೇನೋ ಸೇರಿಸುತ್ತಾರೆ, ಆದರೆ ಅಪ್ಪನ ಹೆಸರಿನ ಕಾಲಂ ನೋಡಿದರೆ ಸಿಕ್ಕಿಬಿಡುತ್ತದೆ. ಓಬಯ್ಯ ಅಂದರೆ ಆಂಧ್ರದ ಅಹೋಬಲದ ನರಸಿಂಹನ ಒಕ್ಕಲು. ತಿಪ್ಪೇಸ್ವಾಮಿ ಅಂದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವವರು. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ 'ತಿಪ್ಪೇಸ್ವಾಮೀ' ಅಂತ ಒಮ್ಮೆ ಜೋರಾಗಿ ಕೂಗಿ ನೋಡಿ, ನಾಲ್ಕು ಜನವಾದರೂ ತಿರುಗುತ್ತಾರೆ. ಅವರಲ್ಲಿ ನಾಯಕರು, ಲಿಂಗಾಯತರು, ಗೊಲ್ಲರು, ಮಾದಿಗರು ಎಲ್ಲರೂ ಇರುತ್ತಾರೆ.

ನೀವು ಬಂದ ಮೇಲೆ ನಾಯಕನಹಟ್ಟಿ ಜಾತ್ರೆ ಇನ್ನೂ ಆಗಿಲ್ಲ. ಫಾಲ್ಗುಣದಲ್ಲಿ, ಚಿತ್ತಾ ನಕ್ಷತ್ರಕ್ಕೆ ತೇರು. ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದ ಸ್ವಾಮಿ. ಮಳೆ ಇಲ್ಲದ ಈ ನೆಲದಲ್ಲಿ ಕೆರೆ ಕಟ್ಟಿಸಿದವರು ದೇವರಾಗದೆ ಮತ್ತೇನಾಗುತ್ತಾರೆ? 'ಮಾಡಿದಷ್ಟು ನೀಡು ಭಿಕ್ಷೆ' ಅನ್ನುವುದು ಅವರ ಮಾತು. ಎಷ್ಟು ಮಣ್ಣು ಹೊತ್ತೆಯೋ ಅಷ್ಟು ಕೂಲಿ. ಆ ಕಾಲದಲ್ಲಿ ಅವರ ಹಿಂದೆ ಸೇರುವುದು ಅಂದರೆ ಮಂಕರಿ ಹಿಡಿದು ಕೆರೆಗೆ ಇಳಿಯುವುದು.

ಜಾತ್ರೆಯಲ್ಲಿ ಒಣಕೊಬ್ಬರಿ ಸುಡುತ್ತಾರೆ. ಕೊಬ್ಬರಿಯ ರಾಶಿಗೆ ಬೆಂಕಿ ಹತ್ತಿದರೆ ಮೊದಲು ಕಪ್ಪು ಹೊಗೆ ಏಳುತ್ತದೆ. ಆಮೇಲೆ ಎಣ್ಣೆ ಚಿಟಪಟ ಅನ್ನುತ್ತದೆ. ಕಣ್ಣು ಉರಿಯುತ್ತದೆ, ಬಟ್ಟೆಯ ವಾಸನೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಅಮ್ಮ ಆ ಬೂದಿಯನ್ನು ಸೆರಗಿನ ತುದಿಗೆ ಗಂಟು ಕಟ್ಟಿ ತಂದು ನಮ್ಮ ಹಣೆಗೆ ಹಚ್ಚುತ್ತಿದ್ದಳು, ಹಟ್ಟಿಯ ಎಮ್ಮೆಗೂ ಹಚ್ಚುತ್ತಿದ್ದಳು. ಹೋದ ವರ್ಷ ನನ್ನ ಮಗ ಬೆಂಗಳೂರಿನಿಂದ ಬರಲಾಗಲಿಲ್ಲ. ಅವಳು ಬೂದಿಯನ್ನು ಪೇಪರಿನಲ್ಲಿ ಮಡಿಚಿ, ಅಲ್ಲಿಗೆ ಹೊರಟಿದ್ದ ಹುಡುಗನ ಕೈಯಲ್ಲಿ ಕಳಿಸಿದಳು.

ಈ ಜಾತ್ರೆಯಲ್ಲೇ ಬದಲಾವಣೆಯನ್ನು ಕಣ್ಣಾರೆ ನೋಡಬಹುದು. ನಾವು ಚಿಕ್ಕವರಿದ್ದಾಗ ಎತ್ತಿನ ಗಾಡಿ ಕಟ್ಟಿಕೊಂಡು ಇಡೀ ಮನೆ ಹೋಗುತ್ತಿತ್ತು, ಎರಡು ರಾತ್ರಿ ಅಲ್ಲೇ ಠಿಕಾಣಿ. ಈಗ ಬೈಕಿನಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ವಾಪಸ್. ದೇವಸ್ಥಾನ ಮುಜರಾಯಿ ಇಲಾಖೆಯದು. ತೇರಿನ ಮುಕ್ತಿಬಾವುಟ ಹರಾಜಾಗುತ್ತದೆ, ಹತ್ತಾರು ಲಕ್ಷಕ್ಕೆ ಹೋಗುತ್ತದೆ. ಕೂಗಿ ಹಿಡಿದವರ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಹಿಂದೆ ಮನೆಗೆ ಇಷ್ಟು ಅಂತ ಇದ್ದದ್ದು ಈಗ ಒಬ್ಬರ ಹೆಸರಿಗೆ ಇಷ್ಟು ಅಂತ ಆಗಿದೆ. ಹರಾಜು ಹಿಡಿದವರ ಭಕ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಕೊಬ್ಬರಿ ಸುಡಲು ಸರದಿಯಲ್ಲಿ ನಿಂತ ಮುದುಕಿಗೂ ಬಾವುಟಕ್ಕೂ ನಡುವೆ ದೂರ ಹೆಚ್ಚಾಗಿದೆ ಅನ್ನಿಸುತ್ತದೆ.

ಗಡಿಯ ವಿಷಯ ಕೇಳಿದಿರಿ. 1953ರಲ್ಲಿ ಆಂಧ್ರ ಬೇರೆಯಾದಾಗ ಪಕ್ಕದ ರಾಯದುರ್ಗ ಅತ್ತ ಹೋಯಿತು, ನಾವು ಇತ್ತ ಉಳಿದೆವು. ಒಕ್ಕಲು ಮನೆಗಳನ್ನು ಯಾರೂ ಹಂಚಲಿಲ್ಲ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಬನ್ನಿ, ಅಲ್ಲಿ ಅರ್ಧ ಜನ ತೆಲುಗು ಮಾತಾಡುತ್ತಿರುತ್ತಾರೆ. ಬೆಳೆದ ಈರುಳ್ಳಿಯನ್ನು ಅಮ್ಮನಿಗೆ ತೂರುತ್ತಾರೆ. ಕೋಳಿಯನ್ನೂ ತೂರುತ್ತಾರೆ, ಅದು ಬೇರೆಯವರ ಹರಕೆ. ಒಬ್ಬರು ತೂರುವುದನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಆದರೂ ಜಾತ್ರೆ ಎಲ್ಲರದ್ದು.

ಮಠಗಳ ದಾರಿ ಬೇರೆ. ಚಿತ್ರದುರ್ಗ, ದಾವಣಗೆರೆ ಕಡೆಯ ಲಿಂಗಾಯತ ಸ್ನೇಹಿತರನ್ನು ಕೇಳಿದರೆ ಅವರು ಸಿರಿಗೆರೆ ಮಠದ ಕತೆ ಹೇಳುತ್ತಾರೆ. ಅಲ್ಲಿನ ತರಳಬಾಳು ಹುಣ್ಣಿಮೆ ಅನ್ನುವ ಉತ್ಸವ 1950ರಲ್ಲಿ ಜಗಳೂರಿನಲ್ಲಿ ಶುರುವಾಯಿತು. ಮಠವೇ ಎದ್ದು ಒಂದೊಂದು ವರ್ಷ ಒಂದೊಂದು ಊರಿಗೆ ಬರುತ್ತದೆ, ಒಂಬತ್ತು ದಿನ. ಸೋಮವಾರ ಸಿರಿಗೆರೆಗೆ ಹೋದರೆ ಸದ್ಧರ್ಮ ನ್ಯಾಯಪೀಠದ ಮುಂದೆ ಜಮೀನಿನ ಜಗಳ, ಗಂಡ ಹೆಂಡತಿ ಜಗಳ ಹಿಡಿದು ಜನ ಕೂತಿರುತ್ತಾರೆ. ನನ್ನ ಜೊತೆ ಓದಿದವನೊಬ್ಬ ಮಠದ ಹಾಸ್ಟೆಲಿನಲ್ಲಿ ಬೆಳೆದವನು. ಈಗ ಏನೇ ದುಡಿದರೂ ಸೆಪ್ಟೆಂಬರ್ 24ರ ಶ್ರದ್ಧಾಂಜಲಿಗೆ ತಪ್ಪಿಸುವುದಿಲ್ಲ. 1992ರಲ್ಲಿ ಆ ದಿನ ಹಿರಿಯ ಗುರುಗಳು ಶಿವಕುಮಾರ ಶಿವಾಚಾರ್ಯರು ಲಿಂಗೈಕ್ಯರಾದರು. ಅವನು ಅಲ್ಲಿಗೆ ಒಕ್ಕಲಾಗಿ ಹೋಗುವುದಿಲ್ಲ, ಉಂಡ ಅನ್ನಕ್ಕೆ ಹೋಗುತ್ತಾನೆ. ಸೇರುವುದಕ್ಕೆ ಅದೂ ಒಂದು ದಾರಿ, ಅಲ್ವಾ?

ನಮ್ಮವರಿಗೆ ಅಂಥ ಮಠ ಇರಲಿಲ್ಲ. 1998ರಲ್ಲಿ ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠ ಆಯಿತು. ಆಚೀಚೆ ಅದೇ ಕಾಲದಲ್ಲಿ ಈ ಎರಡು ಜಿಲ್ಲೆಯಲ್ಲಿ ಭೋವಿ, ಮಾದಾರ ಚನ್ನಯ್ಯ, ಭಗೀರಥ ಅಂತ ಒಂದೊಂದು ಸಮುದಾಯಕ್ಕೂ ಪೀಠಗಳು ಬಂದವು. ನಮ್ಮಜ್ಜನಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. 'ಸ್ವಾಮಿ ಯಾವ ಗುಡಿಕಟ್ಟಿನವರು?' ಅಂತ ಕೇಳುತ್ತಿದ್ದ. ನಮ್ಮಪ್ಪನಿಗೆ ಅರ್ಥವಾಯಿತು. ಬೇರೆ ಬೇರೆ ಗುಡಿಕಟ್ಟಿನವರು, ಬೇರೆ ಬೇರೆ ಜಿಲ್ಲೆಯವರು ಒಂದೇ ಪೆಂಡಾಲಿನಲ್ಲಿ ಕೂತದ್ದನ್ನು ಅವನು ಮೊದಲ ಸಲ ಅಲ್ಲೇ ನೋಡಿದ. ಮೀಸಲಾತಿ ಹೆಚ್ಚಿಸಿ ಅಂತ 2019ರಲ್ಲಿ ಸ್ವಾಮೀಜಿ ರಾಜನಹಳ್ಳಿಯಿಂದ ಬೆಂಗಳೂರಿಗೆ ನಡೆದರು. 2022ರಲ್ಲಿ ತಿಂಗಳುಗಟ್ಟಲೆ ಅಲ್ಲೇ ಧರಣಿ ಕೂತರು. ಆ ವರ್ಷವೇ ಸರ್ಕಾರ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇಕಡಾ 3ರಿಂದ 7ಕ್ಕೆ ಏರಿಸಿತು. ಗುಡಿಕಟ್ಟಿನಿಂದ ಇದು ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಗುರುಪೀಠಕ್ಕೆ ಹೋಗುವಾಗ ಅಪ್ಪ ಬಿಳಿ ಅಂಗಿ ತೊಟ್ಟುಕೊಂಡು ಹೋಗುತ್ತಿದ್ದ. ದೇವರ ಎತ್ತಿನ ಹತ್ತಿರ ಹೋಗುವಾಗ ಚಪ್ಪಲಿ ಬಿಟ್ಟು ಹೋಗುತ್ತಿದ್ದ. ಅವನಿಗೆ ಎರಡೂ ಬೇಕಿತ್ತು.

ನನ್ನ ಮಗನದು ಇನ್ನೂ ಬೇರೆ. ಅವನ ಗುಡಿಕಟ್ಟು ಫೋನಿನಲ್ಲಿದೆ. ವಾಟ್ಸಾಪ್ ಗುಂಪು, ಹಬ್ಬದ ಫೋಟೋ, ಫೋನ್ ಪೇಯಲ್ಲಿ ವಂತಿಗೆ. ಯಜಮಾನರಿಗೆ ಮೊದಲು ಸಿಟ್ಟು ಬಂದಿತ್ತು. ವಂತಿಗೆ ಕೊಡುವವನು ಬಂದು, ತಲೆಬಾಗಿ, ಪೂಜಾರಿಯ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳಬೇಕಲ್ಲ. ಆದರೆ ಒಂದು ಬರಗಾಲದಲ್ಲಿ ಮೇವು ಮುಗಿದಾಗ ಅದೇ ಹುಡುಗರು ದುಡ್ಡು ಕೂಡಿಸಿ ಎರಡು ಲಾರಿ ಹುಲ್ಲು ಕಳಿಸಿದರು. ಕಿಲಾರಿ ಲಾರಿಯ ಮುಂದೆ ನಿಂತು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಅಂದಿನಿಂದ ಯಜಮಾನರೂ ಫೋನ್ ಬಗ್ಗೆ ಮಾತಾಡುವುದಿಲ್ಲ. ಬೆಂಗಳೂರಿನ ರೂಮಿನಲ್ಲಿ ಮಗ ಕೋಳಿ ತಿನ್ನುತ್ತಾನೋ ಏನೋ, ನಾನು ಕೇಳಿಲ್ಲ. ಊರಿಗೆ ಬಂದ ದಿನ ಅಜ್ಜಿಯ ಕಾಲು ಮುಟ್ಟುವ ಮೊದಲು ಸ್ನಾನ ಮಾಡುತ್ತಾನೆ. ಅಜ್ಜಿಯೂ ಕೇಳುವುದಿಲ್ಲ.

ನನಗೆ ಚಿಂತೆ ಇರುವುದು ಎತ್ತುಗಳದು. ಈ ಎತ್ತುಗಳನ್ನು ನಾವು ಉಳುವುದಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತೇವೆ. ಅವು ಮೇಯಲು ಬಯಲು ಬೇಕು. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ 2007ರ ನಂತರದ ಕೆಲವು ವರ್ಷಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಅಣು ಸಂಶೋಧನೆ, ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಉದ್ದಕ್ಕೂ ಗೋಡೆ ಎದ್ದಿತು. ದೇಶಕ್ಕೆ ಅದು ಬೇಕು, ಸರಿ. ಆದರೆ ದನ, ಕುರಿ ಮೇಯುತ್ತಿದ್ದ ಬಯಲಿಗೆ ಬದಲು ಬಯಲನ್ನು ಯಾರು ಕೊಡುತ್ತಾರೆ? ಹೆಸರನ್ನು ಪುಸ್ತಕದಲ್ಲಿ ಬರೆದಿದ್ದರೆ ಪುಸ್ತಕವನ್ನು ಬೀರುವಿನಲ್ಲಿ ಇಡಬಹುದು. ನಮ್ಮದನ್ನು ಹುಲ್ಲು ಇರುವ ಕಡೆಯೇ ಇಡಬೇಕು.

ನಾನೂ ಬರಬಹುದಾ ಅಂತ ಕೇಳಿದಿರಿ. ಒಕ್ಕಲಾಗಲು ಆಗುವುದಿಲ್ಲ ಮೇಡಂ, ಅದು ನನ್ನ ಕೈಯಲ್ಲೂ ಇಲ್ಲ. ಬರಲು ಯಾರ ಅಡ್ಡಿಯೂ ಇಲ್ಲ. ದೀಪಾವಳಿಗೆ ಎತ್ತುಗಳು ಹಟ್ಟಿಗೆ ಬರುತ್ತವೆ. ಆ ದಿನ ಮೀಸಲು ಹಾಲು ಇಡುತ್ತೇವೆ. ಮಧ್ಯಾಹ್ನ ಮೂರಕ್ಕೆ ಬನ್ನಿ, ಹಟ್ಟಿಯ ಬೇಲಿಯ ಹತ್ತಿರ ಚಪ್ಪಲಿ ಬಿಡಿ. ತರುವುದಾದರೆ ಒಂದು ಹೊರೆ ಹಸಿ ಮೇವು ತನ್ನಿ. ಕಿಲಾರಿ ನಿಮ್ಮ ಊರು ಕೇಳುತ್ತಾನೆ. ಮಂಗಳೂರು ಅಂದರೆ ಅವನಿಗೆ ಗೊತ್ತಾಗಲ್ಲ, ಸಮುದ್ರದ ಹತ್ತಿರ ಅನ್ನಿ.