ಬೋರ್ಡಿನ ಮೇಲಿನ ಆ ಹೆಸರು

ಹಾವೇರಿ ಜಿಲ್ಲೆಯ ಹಿರಿಯ ಓದುಗರೊಬ್ಬರ ಪತ್ರ: "ನಮ್ಮೂರ ಶಾಲೆಯ ಬೋರ್ಡಿನಲ್ಲಿ 'ಕನ್ನಡ ಗಂಡು ಮಕ್ಕಳ ಶಾಲೆ ನಂ. 1' ಎಂದಿದೆ. ಈಗ ಅಲ್ಲಿ ಹುಡುಗಿಯರೇ ಜಾಸ್ತಿ. ಈ ಹೆಸರು ಯಾಕೆ ಎಂದು ಮೊಮ್ಮಗಳು ಕೇಳಿದಳು. ನನಗೆ ಹೇಳಲು ಬರಲಿಲ್ಲ. ಬ್ರಿಟಿಷರು ಕಾರಕೂನರು ಬೇಕೆಂದು ತೆರೆದ ಶಾಲೆ, ಅದಕ್ಕೆಂಥ ಇತಿಹಾಸ ಎನ್ನುತ್ತಾನೆ ಮಗ. ನಿಜವೇ?"

ಸಂಪಾದಕರ ಉತ್ತರ:

ಹಿರಿಯರೇ, ನಿಮ್ಮ ಮಗ ಹೇಳುವುದು ಅರ್ಧ ನಿಜ. ಸರಕಾರಕ್ಕೆ ಕಾರಕೂನರು ಬೇಕಿತ್ತು. ಆದರೆ ಬೋರ್ಡಿನ ಮೊದಲ ಪದ ನೋಡಿ. 'ಕನ್ನಡ' ಅಲ್ಲಿ ಸುಮ್ನೆ ಬಂದು ಕೂತಿಲ್ಲ.

ನಿಮ್ಮ ಭಾಗ ಆಗ ಮುಂಬಯಿ ಪ್ರಾಂತದಲ್ಲಿತ್ತು. ಕಚೇರಿಗಳಲ್ಲಿ ಮರಾಠಿ ನಡೆಯುತ್ತಿತ್ತು, ಹಾಗಾಗಿ ಶಾಲೆಗಳಲ್ಲೂ ಮರಾಠಿಯೇ. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಬೇರೆ ಭಾಷೆಯಲ್ಲಿ ಮಗ್ಗಿ ಹೇಳಬೇಕಿತ್ತು. ಇದನ್ನು ಬದಲಿಸಲು ಹೆಣಗಿದವರು ಧಾರವಾಡದ ಚನ್ನಬಸಪ್ಪನವರು (1834–1881). ಶಿಕ್ಷಣ ಇಲಾಖೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿದ್ದರಿಂದ ಜನ ಅವರನ್ನು ಡೆಪ್ಯುಟಿ ಚನ್ನಬಸಪ್ಪ ಎಂದೇ ಕರೆದರು. ಇಲ್ಲಿಯ ಜನರ ಮಾತು ಕನ್ನಡ ಎಂಬುದನ್ನು ಅವರು ಮೇಲಿನವರಿಗೆ ತಿಳಿಸಿ ಹೇಳಿದರು. ಶಿಕ್ಷಣ ಇಲಾಖೆಯ ಅಧಿಕಾರಿ ರಸೆಲ್ ಚನ್ನಬಸಪ್ಪನವರಿಗೆ ಬೆಂಬಲವಾದರು. ಶಾಲೆ ತೆರೆದರೆ ಸಾಲದು, ಕನ್ನಡದಲ್ಲಿ ಕಲಿಸುವ ಮಾಸ್ತರರು ಬೇಕಲ್ವಾ? ಆ ಮಾಸ್ತರರು ಧಾರವಾಡದ ಟ್ರೇನಿಂಗ್ ಶಾಲೆಯಲ್ಲಿ ತಯಾರಾದರು. ಅವರಿಗಾಗಿಯೇ 1865ರಲ್ಲಿ 'ಮಠಪತ್ರಿಕೆ' ಹೊರಟಿತು. ಅದು ಇಂದಿಗೂ 'ಜೀವನ ಶಿಕ್ಷಣ' ಎಂಬ ಹೆಸರಲ್ಲಿದೆ. ಪತ್ರಿಕೆಯ ಕೆಲಸದಲ್ಲಿರುವ ನನಗೆ ಈ ಸಂಗತಿ ಬಹಳ ಪ್ರೀತಿಯದು.

'ಮಠ' ಎಂದದ್ದು ಯಾಕೆ ಗೊತ್ತೇ? ಅದಕ್ಕೂ ಮುಂಚೆ ಶಾಲೆಯನ್ನು ಜನ ಮಠ ಎನ್ನುತ್ತಿದ್ದರು. ಐಗಳು, ಅಂದರೆ ಆ ಮಠದ ಗುರುಗಳು, ಮಕ್ಕಳ ಕೈಹಿಡಿದು ಉಸುಕಿನಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಸಾಲಿ ಎಂದರೆ ಶಾಲೆ; ಸಾಲಿಮಠ ಎಂಬ ಮನೆತನದ ಹೆಸರಲ್ಲಿ ಆ ಕಾಲ ಇನ್ನೂ ಉಳಿದಿದೆ.

ಹಳೆ ಮೈಸೂರಿನ ದಾರಿ ಬೇರೆ. ಅಲ್ಲಿ 1868ರಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಬಿ.ಎಲ್. ರೈಸ್ ಅವರು ಹೋಬಳಿಗೊಂದು ಶಾಲೆ ಎಂಬ ಯೋಜನೆ ತಂದರು. ಕಡ್ಡಾಯ ಶಿಕ್ಷಣದ ಕಾಯ್ದೆ 1913ರಲ್ಲಿ ಬಂತು.

ಇನ್ನು ನಿಮ್ಮ ಮೊಮ್ಮಗಳ ಪ್ರಶ್ನೆ. ಹೆಣ್ಣುಮಕ್ಕಳಿಗೆ ಬೇರೆ ಶಾಲೆ ಇರುತ್ತಿತ್ತು, ಅದಕ್ಕೇ 'ಗಂಡು ಮಕ್ಕಳ'. ಊರು ಬೆಳೆದು ಮತ್ತೊಂದು ಶಾಲೆ ಬಂದರೆ ಅದು ನಂ. 2. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವರು ಮುಂದೆ ತಾವೇ ಮಾಸ್ತರರಾಗುತ್ತಿದ್ದರು. ಒಂದು ಶಾಲೆಯಲ್ಲಿ ಕಲಿತವರು ಪಕ್ಕದ ಹಳ್ಳಿಯ ಶಾಲೆಯಲ್ಲಿ ಕಲಿಸಿದರು. ಇದನ್ನು ಬರೀ ಕಾರಕೂನಿಕೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಒಂದು ಕೆಲಸ ಮಾಡಿ. ಮುಖ್ಯ ಗುರುಗಳ ಕಪಾಟಿನಲ್ಲಿ ಹಳೆಯ ಜನರಲ್ ರಿಜಿಸ್ಟರ್ ಇರಬಹುದು. ಅವರ ಒಪ್ಪಿಗೆ ಕೇಳಿ, ಮೊಮ್ಮಗಳನ್ನು ಕರೆದುಕೊಂಡು ಹೋಗಿ ನೋಡಿ. ಆ ಗಂಡು ಮಕ್ಕಳ ಶಾಲೆಗೆ ಮೊದಲ ಹುಡುಗಿ ಯಾವ ವರ್ಷ ಸೇರಿದಳು ಎಂದು ಹುಡುಕಿ ಬರೆಯಲಿ. ಅವಳ ಬರಹವನ್ನು ಪ್ರಕಟಿಸುತ್ತೇವೆ.